ಎಣ್ಣೆಯದೋ, ಕರೆಂಟಿನದೋ

"ಮೇಷ್ಟ್ರೇ, ಈ ಎರಡರಲ್ಲಿ ಯಾವುದು ಮೇಲು?" ಎಂದು ಮಂದಾಕಿನಿ ಕೇಳಿದಳು.

ಕೇಳಿದ್ದು ವಿಮಾನದ ಮೂತಿಯಲ್ಲಿ ತಿರುಗುವ ಪ್ರೊಪೆಲ್ಲರಿನ ವಿಷಯ. ಮಂದಾಕಿನಿ ಐದು ವರ್ಷಗಳಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ತನ್ನ ಕೈಯಾರೆ ಪುಟ್ಟ ವಿಮಾನವೊಂದನ್ನು ಕಟ್ಟುತ್ತಿದ್ದಳು. ದಸ್ತಗೀರ್ ಮೇಷ್ಟ್ರು ವಿಮಾನ ರಿಪೇರಿಯ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಅವಳಿಗೆ ಮೊದಲು ಸ್ಪ್ಯಾನರ್ ಹಿಡಿಯಲು ಕಲಿಸಿದವರೂ ಅವರೇ. ಈಗ ಅವಳು ಎರಡು ಪ್ರೊಪೆಲ್ಲರುಗಳನ್ನು ನೋಡಿಟ್ಟು, ಯಾವುದನ್ನು ಕೂರಿಸಲಿ ಎಂದು ಬಂದು ನಿಂತಿದ್ದಳು. ಎರಡೂ ಕಾನ್‌ಸ್ಟಂಟ್ ಸ್ಪೀಡ್ ಜಾತಿಯವು. ವಿಮಾನ ಏರಲಿ, ಇಳಿಯಲಿ, ಎಂಜಿನ್ನಿನ ಸುತ್ತು ಒಂದೇ ಸಮನಾಗಿ ಉಳಿಯುವಂತೆ ತಮ್ಮ ಬ್ಲೇಡುಗಳ ಓರೆಯನ್ನು ತಾವೇ ಹೆಚ್ಚು ಕಡಿಮೆ ಮಾಡಿಕೊಳ್ಳುವಂಥವು. ಒಂದರಲ್ಲಿ ಆ ಕೆಲಸವನ್ನು ಎಂಜಿನ್ನಿನ ಎಣ್ಣೆಯ ಒತ್ತಡ ಮಾಡುತ್ತದೆ. ಇನ್ನೊಂದರಲ್ಲಿ ಸಣ್ಣದೊಂದು ಕರೆಂಟಿನ ಮೋಟಾರು ಮಾಡುತ್ತದೆ. ತೂಕವೆಷ್ಟು, ಏರುವ ವೇಗವೆಷ್ಟು, ಬ್ಲೇಡು ತಿರುಗಲು ಎಷ್ಟು ಸೆಕೆಂಡು ಎಂದೆಲ್ಲ ಅವಳು ಎರಡು ಹಾಳೆ ತುಂಬ ಬರೆದು ತಂದಿದ್ದಳು.

ಮೇಷ್ಟ್ರು ಎರಡೂ ಹಾಳೆಗಳನ್ನು ಓದಿದರು. ಮಡಿಸಿ ಅವಳ ಕೈಗೆ ಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಅದೇ ಊರಿನಲ್ಲಿ ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್ ಇದ್ದ. ಇಬ್ಬರೂ ಓರಗೆಯವರು. ಇಬ್ಬರಿಗೂ ಒಂದೇ ಹುಚ್ಚು. ತಾವೇ ಕಟ್ಟಿದ ವಿಮಾನದಲ್ಲಿ ಒಂದು ದಿನ ತಮ್ಮೂರಿನ ಮೇಲೆ ಹಾರಬೇಕು.

ಮುಚ್ಚಿಹೋದ ಶೇಂಗಾ ಎಣ್ಣೆ ಮಿಲ್ಲಿನ ಗೋದಾಮು ಅವರಿಗೆ ಸಿಕ್ಕಿತು. ಏಳು ವರ್ಷ ಅಲ್ಲಿಯೇ ಕೆಲಸ ಮಾಡಿದರು. ಬಡಗಿ ಮರದ ರೆಕ್ಕೆ ಮಾಡಿದ, ಮೈ ಮಾಡಿದ. ಮೆಕ್ಯಾನಿಕ್ ಎಂಜಿನ್ ಕೂರಿಸಿದ. ಬಡಗಿಯ ಅಂಗಿಗೆ ವಾರ್ನಿಷ್ ವಾಸನೆ, ಮೆಕ್ಯಾನಿಕ್ಕನ ಅಂಗಿಗೆ ಗ್ರೀಸಿನ ವಾಸನೆ. ಮುಂದೆ ಎಷ್ಟೋ ವರ್ಷಗಳಾದ ಮೇಲೂ ಎಲ್ಲಾದರೂ ಈ ಎರಡು ವಾಸನೆ ಒಟ್ಟಿಗೆ ಬಂದರೆ ಬಡಗಿ ನಡೆಯುತ್ತಿದ್ದವನು ನಿಂತುಬಿಡುತ್ತಿದ್ದ.

ಮೊದಲ ಪ್ರೊಪೆಲ್ಲರನ್ನು ಬಡಗಿಯೇ ಒಂದೇ ತುಂಡು ಮರದಲ್ಲಿ ಕೆತ್ತಿದ. ವಿಮಾನ ಹಾರಿತು. ಊರಿಗೆ ಊರೇ ಮಾಳಿಗೆ ಹತ್ತಿ ನೋಡಿತು. ಆದರೆ ಕೆತ್ತಿದ ಪ್ರೊಪೆಲ್ಲರಿನ ಓರೆ ಬದಲಾಗುವುದಿಲ್ಲ. ಚೆನ್ನಾಗಿ ಏರುವಂತೆ ಕೆತ್ತಿದರೆ ಮೇಲೆ ಹೋಗಿ ಎತ್ತಿನ ಗಾಡಿಯಂತೆ ತೆವಳುತ್ತಿತ್ತು. ಮೇಲೆ ಚೆನ್ನಾಗಿ ಓಡುವಂತೆ ಕೆತ್ತಿದರೆ ನೆಲ ಬಿಡುವುದಕ್ಕೇ ಒಲ್ಲೆ ಎನ್ನುತ್ತಿತ್ತು. ಕಡೆಗೆ ಇಬ್ಬರೂ ಕಾನ್‌ಸ್ಟಂಟ್ ಸ್ಪೀಡ್ ಹಾಕೋಣ ಎಂದು ಗೊತ್ತುಮಾಡಿದರು. ಅಲ್ಲಿಯವರೆಗೆ ಒಂದು ಮಾತಿಗೂ ಮುನಿಸಿಕೊಳ್ಳದವರು, ಅಲ್ಲಿಂದ ದಿನವೂ ವಾದಕ್ಕೆ ಕೂತರು.

ಮೆಕ್ಯಾನಿಕ್ ಎಣ್ಣೆಯದ್ದು ಬೇಕೆಂದ. ಅದರ ಬ್ಲೇಡುಗಳು ಅಲ್ಯೂಮಿನಿಯಮ್ಮಿನವು. ಭಾರವೇನೋ ಹೌದು, ಆದರೆ ಕೇಳಿದ ಕ್ಷಣದಲ್ಲಿ ತಿರುಗುತ್ತವೆ. ಬಡಗಿ ಕರೆಂಟಿನದ್ದು ಬೇಕೆಂದ. ಅದು ಹಗುರ, ಮೂತಿಯ ಮೇಲೆ ಹೊರೆ ಬೀಳುವುದಿಲ್ಲ. ಇನ್ನೊಂದು ಕಾರಣವನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಅದರ ಬ್ಲೇಡುಗಳ ಒಳಗೆ ಇದ್ದದ್ದು ಮರ.

ವಿಮಾನದ ಸಾಮಾನು ಮಾರುವ ವ್ಯಾಪಾರಿಯೊಬ್ಬ ಎರಡನ್ನೂ ಒಂದು ತಿಂಗಳ ಮಟ್ಟಿಗೆ ಕೊಟ್ಟ. ಹಾಕಿ ನೋಡಿ, ಬೇಕಾದದ್ದನ್ನು ಇಟ್ಟುಕೊಳ್ಳಿ ಎಂದ. ಅದು ಬೇಸಿಗೆ. ಪಂಪ್‌ಸೆಟ್ಟುಗಳು ಸುಟ್ಟುಹೋಗುವ ಕಾಲ. ಮೆಕ್ಯಾನಿಕ್ ಹಳ್ಳಿ ಹಳ್ಳಿ ತಿರುಗಬೇಕಾಗಿತ್ತು. "ನೀನೇ ಹಾರಿಸಿ ಅಳೆದಿಡು. ನೀನು ಅಳೆದರೆ ನಾನು ಅಳೆದ ಹಾಗೆ" ಎಂದು ಹೇಳಿ ಹೋದ.

ಬಡಗಿ ಒಬ್ಬನೇ ಅಳೆದ. ಕರೆಂಟಿನದ್ದನ್ನು ಹಾಕಿದ ದಿನಗಳಲ್ಲಿ ಹೊತ್ತು ಮೂಡುವಾಗ ಹಾರಿಸಿದ. ಎಣ್ಣೆಯದ್ದನ್ನು ಹಾಕಿದ ದಿನಗಳಲ್ಲಿ ನಡು ಮಧ್ಯಾಹ್ನ ಹಾರಿಸಿದ. ತಂಪು ಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೂ ಎಂಜಿನ್ನಿಗೂ ಬಲ ಕೊಡುತ್ತದೆ. ಕಾದ ಗಾಳಿ ಕೈಕೊಡುತ್ತದೆ. ಇದು ಬಡಗಿಗೆ ಗೊತ್ತಿರಲಿಲ್ಲ ಎಂದಲ್ಲ. ಚೆನ್ನಾಗಿ ಗೊತ್ತಿತ್ತು. ಮೀಟರುಗಳು ತೋರಿಸಿದ ಒಂದು ಅಂಕಿಯನ್ನೂ ಅವನು ತಿದ್ದಲಿಲ್ಲ. ಹಾರಿಸಿದ ಹೊತ್ತನ್ನು ಮಾತ್ರ ಬರೆಯಲಿಲ್ಲ.

ಮೆಕ್ಯಾನಿಕ್ ಬಂದು ಬರೆದದ್ದನ್ನು ನೋಡಿದ. ಬಹಳ ಹೊತ್ತು ನೋಡಿದ. "ಸರಿ, ನಿನ್ನದೇ ಗೆದ್ದಿತು" ಎಂದ. ಅವತ್ತೇ ಇಬ್ಬರೂ ಸೇರಿ ಕರೆಂಟಿನದ್ದನ್ನು ಕೂರಿಸಿದರು. ಬೋಲ್ಟು ಬಿಗಿಯುವಾಗ ಬಡಗಿಗೆ ಗೆಳೆಯನ ಮುಖ ನೋಡುವುದಕ್ಕೆ ಆಗಲಿಲ್ಲ.

ಐದು ತಿಂಗಳು ಕಳೆಯಿತು. ಒಂದು ಸಂಜೆ ಇಬ್ಬರೂ ಹಾರಿ ಬಂದು ಇಳಿಯುತ್ತಿದ್ದರು. ಬ್ಲೇಡುಗಳು ತಾವೇ ತಿರುಗುವಂಥವಾದರೂ, ಮತ್ತೆ ಏರಬೇಕಾಗಿ ಬಂದೀತೆಂದು ಇಳಿಯುವ ಮುಂಚೆಯೇ ಹಾರಿಸುವವನು ಸ್ವಿಚ್ಚು ಒತ್ತಿ ಅವನ್ನು ಏರುವ ಓರೆಗೆ ತಿರುಗಿಸಿ ಇಡಬೇಕು. ಬಡಗಿ ಮರೆತಿದ್ದ. ನೆಲ ಇನ್ನೇನು ಸಿಗಬೇಕು, ಕುರಿಗಳ ಹಿಂಡೊಂದು ವಿಮಾನ ಇಳಿಯುವ ಪಟ್ಟಿಯ ಮೇಲೆ ನುಗ್ಗಿತು. ಮತ್ತೆ ಮೇಲೇರಲು ಬಡಗಿ ಪೂರಾ ಥ್ರಾಟಲ್ ಕೊಟ್ಟ. ಎಂಜಿನ್ ಮುಕ್ಕಿರಿಯಿತು, ವಿಮಾನ ಏಳಲಿಲ್ಲ. ಆ ಸಣ್ಣ ಮೋಟಾರು ಬ್ಲೇಡುಗಳನ್ನು ತಿರುಗಿಸುತ್ತಾ ಇತ್ತು. ಆರು ಸೆಕೆಂಡು. ಎಣ್ಣೆಯದ್ದಾಗಿದ್ದರೆ ಒಂದೇ ಸೆಕೆಂಡಿನ ಕೆಲಸ. ವಿಮಾನ ಕುರಿಗಳ ಬೆನ್ನು ಸವರಿಕೊಂಡು ಹೋಗಿ, ಪಟ್ಟಿಯಾಚೆಯ ಜೋಳದ ತೆನೆಗಳನ್ನು ಚಕ್ರದಲ್ಲಿ ಬಡಿದು, ಆಮೇಲೆ ಮೇಲಕ್ಕೆದ್ದಿತು.

ಸುತ್ತು ಹಾಕಿ ಮತ್ತೆ ಇಳಿಯಲು ಬಂದಾಗ ಮೆಕ್ಯಾನಿಕ್ ಕೇಳಿದ, "ಬ್ಲೇಡು?" ಬಡಗಿ ಹೇಳಿದ, "ತಿರುಗಿಸಿದೆ."

ಅಲ್ಲಿಂದ ಹದಿನೆಂಟು ವರ್ಷ ಇಬ್ಬರೂ ಒಟ್ಟಿಗೆ ಹಾರಿದರು. ಕೃಷ್ಣೆಯ ತಿರುವುಗಳನ್ನು ನೋಡಿದರು. ಮದುವೆ ಮನೆಗಳ ಚಪ್ಪರವನ್ನು ಮೇಲಿನಿಂದ ನೋಡಿ, ಇಳಿದು, ಅದೇ ಮನೆಗೆ ಊಟಕ್ಕೆ ಹೋದರು. ಪ್ರತಿ ಸಲ ಇಳಿಯುವಾಗ ಒಬ್ಬ ಕೇಳುವುದು, ಇನ್ನೊಬ್ಬ ಹೇಳುವುದು. ಒಂದು ದಿನವೂ ತಪ್ಪಲಿಲ್ಲ. ಬಡಗಿ ಪ್ರತಿ ಹಾರಾಟಕ್ಕೆ ಮುಂಚೆ ಪ್ರೊಪೆಲ್ಲರಿನ ಮೋಟಾರು ಬಿಚ್ಚಿ, ಅದರೊಳಗೆ ಕೂತ ಕಾರ್ಬನ್ ಪುಡಿ ಒರೆಸಿ, ವೈರುಗಳನ್ನು ಎಳೆದು ನೋಡುತ್ತಿದ್ದ. ಇಷ್ಟೊಂದು ಜೋಪಾನವೇ ಎಂದು ಜನ ನಗುತ್ತಿದ್ದರು. ಒಳಗೆ ಕೊರೆಯುತ್ತಿದ್ದದ್ದು ಅವನಿಗೊಬ್ಬನಿಗೇ ಗೊತ್ತು.

ಮೆಕ್ಯಾನಿಕ್ಕನ ಮಂಡಿ ಸವೆಯಿತು. ರೆಕ್ಕೆ ಹತ್ತಿ ಒಳಗೆ ಕೂರಲು ಆಗದಾಯಿತು. "ಇದೇ ಕೊನೆಯದು" ಎಂದು ಅವನು ಹೇಳಿದ ದಿನ, ಇಳಿದ ಮೇಲೆ ಇಬ್ಬರೂ ರೆಕ್ಕೆಯ ನೆರಳಿನಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದರು. ಬಡಗಿಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟ. ಬೆಳಗ್ಗೆ ಹಾರಿಸಿದ್ದು, ಮಧ್ಯಾಹ್ನ ಹಾರಿಸಿದ್ದು, ಹೊತ್ತು ಬರೆಯದೆ ಬಿಟ್ಟದ್ದು.

ಮೆಕ್ಯಾನಿಕ್ ಚಹಾ ಮುಗಿಸಿದ. "ಗೊತ್ತಿತ್ತು" ಎಂದ. "ಎಂಜಿನ್ನಿನ ಬಿಸಿಯ ಅಂಕಿಯನ್ನೂ ನೀನೇ ಬರೆದಿದ್ದೆಯಲ್ಲೋ. ಆ ಎಂಜಿನ್ ಯಾವ ಹೊತ್ತಿಗೆ ಎಷ್ಟು ಕಾಯುತ್ತದೆ ಅಂತ ನನಗೆ ಗೊತ್ತಾಗೋದಿಲ್ಲವಾ?"

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ನಿನಗೆ ಅದರ ಮೇಲೆ ಮನಸ್ಸಿತ್ತು. ಮನಸ್ಸಿಲ್ಲದ್ದನ್ನು ಹಾಕಿದ್ದರೆ ನೀನು ಹೀಗೆ ದಿನವೂ ಒರೆಸುತ್ತಿರಲಿಲ್ಲ. ಅದು ನಿಧಾನದ್ದು ಅಂತಲೂ ಗೊತ್ತಿತ್ತು. ಅದಕ್ಕೇ ಕೇಳುತ್ತಾ ಕೂತೆ."

ಬಡಗಿ ಅತ್ತ. ಮೆಕ್ಯಾನಿಕ್ ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದ.

ಆಮೇಲೆ ಬಡಗಿ ಒಬ್ಬನೇ ಮೂರು ಸಲ ಹಾರಿದ. ಬ್ಲೇಡುಗಳನ್ನು ಒಮ್ಮೆಯೂ ಮರೆಯಲಿಲ್ಲ. ಆದರೆ ಇಳಿಯುವಾಗ ಪ್ರತಿ ಸಲವೂ ಆ ಪ್ರಶ್ನೆಗಾಗಿ ಕಿವಿ ಕಾಯುತ್ತಿತ್ತು. ಮೂರನೆಯ ಸಲ, ಯಾರೂ ಕೇಳದಿದ್ದರೂ, "ತಿರುಗಿಸಿದೆ" ಎಂದ. ಇಳಿದ ಮೇಲೆ ವಿಮಾನವನ್ನು ಗೋದಾಮಿಗೆ ತಳ್ಳಿ ಬಾಗಿಲು ಹಾಕಿದ. ಮತ್ತೆ ತೆಗೆಯಲಿಲ್ಲ.

ಕತೆ ಮುಗಿಯಿತು. ಮಂದಾಕಿನಿ ಕೇಳಿದಳು, "ಎರಡನ್ನೂ ಒಂದೇ ಹೊತ್ತಿನಲ್ಲಿ ಹಾರಿಸಿ ಅಳೆದಿದ್ದರೆ ಯಾವುದು ಗೆಲ್ಲುತ್ತಿತ್ತು ಮೇಷ್ಟ್ರೇ?"

"ಎಣ್ಣೆಯದೇ ಗೆಲ್ಲುತ್ತಿತ್ತು, ಆದರೆ ಪಕ್ಕದಲ್ಲಿ ಯಾರನ್ನು ಕೂರಿಸಿಕೊಳ್ಳುತ್ತೀಯ ಅನ್ನುವುದನ್ನು ನೀನಿನ್ನೂ ಹೇಳಲೇ ಇಲ್ಲವಲ್ಲ ತಾಯಿ" ಎಂದರು ಮೇಷ್ಟ್ರು.