ಗಿಣಿ ಹಂದಿ ಸಾಕಿದ ದ್ಯಾವ

ಊರಿನ ಹೆಸರು ಹೇಳಿದರೆ ಆ ಊರಿನವರು ಮುನಿಸಿಕೊಳ್ಳುತ್ತಾರೆ, ಆದ್ದರಿಂದ ಹೆಸರು ಬೇಡ. ಆ ಊರಿನ ಬಸ್ ಸ್ಟ್ಯಾಂಡ್ ಮೂಲೆಯಲ್ಲಿ ಚನ್ನಾಜಮ್ಮ ಅಂತ ಒಬ್ಬಳು ಸೊಪ್ಪು ಮಾರುತ್ತಿದ್ದಳು. ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ, ದ್ಯಾವ. ಇಪ್ಪತ್ನಾಲ್ಕು ತುಂಬಿದ ಗಟ್ಟಿ ಆಳು. ಕಳ್ಳತನ ಗೊತ್ತಿಲ್ಲ, ಸುಳ್ಳು ಗೊತ್ತಿಲ್ಲ, ಸೋಮಾರಿತನವಂತೂ ಇಲ್ಲವೇ ಇಲ್ಲ. ಇದ್ದದ್ದು ಒಂದೇ ತೊಂದರೆ. ಹೇಳಿದ ಮಾತನ್ನು ಹೇಳಿದ ಹಾಗೇ ಮಾಡಿಬಿಡುತ್ತಿದ್ದ.

"ಹಾಲು ಉಕ್ಕತ್ತೆ, ಒಸಿ ನೋಡ್ಲಾ" ಅಂದಳು ಅವ್ವ. ದ್ಯಾವ ಒಲೆ ಮುಂದೆ ಕೂತು ನೋಡಿದ. ಹಾಲು ಉಕ್ಕಿತು, ಹರಿಯಿತು, ಒಲೆ ಆರಿತು. "ನೋಡ್ದೆ ಕಣವ್ವ, ಚೆನ್ನಾಗ್ ಉಕ್ತು" ಅಂದ. "ಸೊಪ್ಪು ಬಾಡ್ತಾ ಐತೆ, ಸ್ವಲ್ಪ ನೀರು ತೋರ್ಸು" ಅಂದಳು. ದ್ಯಾವ ಚೊಂಬು ತುಂಬಾ ನೀರು ತಂದು ಸೊಪ್ಪಿನ ಮುಂದೆ ಹಿಡಿದು ನಿಂತ. ಕೈ ಸೋತರೂ ಇಳಿಸಲಿಲ್ಲ, ಸೊಪ್ಪಿಗೆ ಸರಿಯಾಗಿ ಕಾಣಲಿ ಅಂತ ಅತ್ತ ಇತ್ತ ತಿರುಗಿಸಿ ಬೇರೆ ತೋರಿಸಿದ.

ಒಂದು ದಿನ ಚನ್ನಾಜಮ್ಮನಿಗೆ ತಡೆಯಲಾಗಲಿಲ್ಲ. "ನಾಳೆ ನಾನು ಕಣ್ಮುಚ್ಚಿದ ಮೇಲೆ ನೀನು ಏನ್ ಮಾಡ್ತೀಯಲಾ?" ಅಂತ ಕೇಳಿದಳು.

"ದೀಪ ಆರ್ಸಿ ನಾನೂ ಮಲಗ್ತೀನಿ ಕಣವ್ವ" ಅಂದ ದ್ಯಾವ.

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳಿಗಿದ್ದ ಚಿಂತೆ ಅದೊಂದೇ. ತಾನು ಹೋದ ಮೇಲೆ ಇವನನ್ನು ಯಾರು ಇಟ್ಟುಕೊಳ್ಳುತ್ತಾರೆ, ಇವನು ಯಾವುದನ್ನು ಹಿಡಿದುಕೊಂಡು ಬದುಕುತ್ತಾನೆ.

ಅವಳ ಹತ್ತಿರ ದಿನಾ ಸೊಪ್ಪು ಕೊಳ್ಳುತ್ತಿದ್ದವರು ದನದ ಆಸ್ಪತ್ರೆಯ ಡಾಕ್ಟರಮ್ಮ, ವನಮಾಲ ಅಂತ. ಆಸ್ಪತ್ರೆಯ ಕೊಟ್ಟಿಗೆಯಲ್ಲಿ ಕಾಯಿಲೆ ಬಿದ್ದ ಪ್ರಾಣಿಗಳಿಗೆ ಮೇವು ನೀರು ಹಾಕಲು ಅವರಿಗೆ ಒಬ್ಬ ಆಳು ಬೇಕಿತ್ತು. ಚನ್ನಾಜಮ್ಮ ಅಂಜುತ್ತಂಜುತ್ತಲೇ ಮಗನ ಹೆಸರು ಹೇಳಿದಳು. ಡಾಕ್ಟರಮ್ಮನಿಗೆ ದ್ಯಾವನ ಸುದ್ದಿ ಗೊತ್ತಿತ್ತು. ಊರಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆದರೂ ಇಲ್ಲ ಅನ್ನಲಿಲ್ಲ. ವರ್ಗವಾಗಿ ಹೋದ ಯಾರೋ ಎರಡು ಪುಟ್ಟ ಮರಿಗಳನ್ನು ಆಸ್ಪತ್ರೆಯಲ್ಲಿ ಬಿಟ್ಟುಹೋಗಿದ್ದರು. ಅವನ್ನು ಪಂಜರದ ಸಮೇತ ದ್ಯಾವನ ಕೈಗೆ ಕೊಟ್ಟರು.

"ಒಂದು ತಿಂಗಳು ಇವನ್ನು ಚೆನ್ನಾಗಿ ಸಾಕು ದ್ಯಾವ. ಸಾಕಿದರೆ ಕೊಟ್ಟಿಗೆ ಕೆಲಸ ನಿನಗೇ. ಇವು ಗಿನಿ ಹಂದಿ."

ದ್ಯಾವ ಬಗ್ಗಿ ನೋಡಿದ. ಒಂದು ಕಂದು, ಒಂದು ಬಿಳಿ. ಇಲಿಗಿಂತ ದಪ್ಪ, ಮೊಲಕ್ಕಿಂತ ಚಿಕ್ಕದು, ಬಾಲವೇ ಇಲ್ಲ. ಒಂದರ ಹೊಟ್ಟೆಯಡಿಗೆ ಒಂದು ತೂರಿಕೊಂಡು ನಡುಗುತ್ತಿದ್ದವು. ಅವನಿಗೆ ಒಂದೇ ನೋಟಕ್ಕೆ ಜೀವ ಹತ್ತಿಕೊಂಡಿತು.

ಚನ್ನಾಜಮ್ಮ ಸೊಪ್ಪು ಮಾರಿ ಮನೆಗೆ ಬಂದಾಗ ಪಂಜರ ತೊಲೆಗೆ ನೇತಾಡುತ್ತಿತ್ತು. ಒಳಗೆ ಅಡ್ಡಲಾಗಿ ಒಂದು ಕೋಲು ಕಟ್ಟಿತ್ತು. ಮರಿಗಳ ಮುಂದೆ ಹಸಿಮೆಣಸಿನಕಾಯಿ ರಾಶಿ. ದ್ಯಾವ ಸ್ಟೂಲ್ ಹತ್ತಿ ನಿಂತು, "ರಾಮ ರಾಮ ಅನ್ರಪ್ಪ, ರಾಮ ರಾಮ" ಅನ್ನುತ್ತಿದ್ದ. ಮರಿಗಳು "ವೀಕ್ ವೀಕ್" ಅನ್ನುತ್ತಿದ್ದವು.

"ಏನ್ಲಾ ಇದು?"

"ಗಿಣಿ ಹಂದಿ ಅಂದ್ರಲ್ಲವ್ವ ಡಾಕ್ಟ್ರಮ್ಮ. ಹಂದಿ ಹಂಗೆ ಕಾಣ್ಲಿಲ್ಲ, ಗಿಣಿನೇ ಇರ್ಬೇಕು ಅಂತ ಮೆಣಸಿನಕಾಯಿ ಕೊಟ್ಟೆ. ಇನ್ನೂ ಮಾತು ಬಂದಿಲ್ಲ, 'ವೀಕ್' ಅಂತವೆ ಅಷ್ಟೇ."

"ಗಿಣಿ ಅಲ್ಲ ಕಣೋ ಪೆದ್ದ, ಗಿನಿ. ಹುಲ್ಲು ತಿನ್ನೋ ಜೀವ ಅವು ಅಂತ ಡಾಕ್ಟ್ರಮ್ಮ ನಂಗೂ ಹೇಳವ್ರೆ. ಕೆಳಗಿಳಿಸು ಮೊದ್ಲು. ಹೊಸ ಜಾಗ, ಹೆದರ್ಕೊಂಡವೆ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ."

"ಆಯ್ತವ್ವ" ಅಂದ ದ್ಯಾವ.

ಮಾರನೆಯ ದಿನ ಅವಳು ಮನೆಗೆ ಬಂದರೆ ದ್ಯಾವ ನೆಲದ ಮೇಲೆ ಬೋರಲು ಮಲಗಿದ್ದ. ಬಲಗಣ್ಣು ಪಂಜರದ ಜಾಲರಿಗೆ ಅಂಟಿಕೊಂಡಿತ್ತು. ಮರಿಗಳು ಮೂಲೆ ಸೇರಿ ಉಸಿರು ಬಿಗಿಹಿಡಿದು ಕೂತಿದ್ದವು. ಬೆಳಿಗ್ಗೆ ಹಾಕಿದ ಹುಲ್ಲು ಹಾಗೇ ಇತ್ತು.

"ಏಳ್ಲಾ, ಏನಾಯ್ತು ನಿಂಗೆ?"

"ಕಣ್ಣಲ್ಲಿ ಕಣ್ಣಿಡಾಕೆ ಬೆಳಿಗ್ಗೆಯಿಂದ ನೋಡ್ತಾ ಇವ್ನಿ ಕಣವ್ವ. ಈ ಬಿಳೀದು ಒಂದು ಗಳಿಗೆ ಇಟ್ಟಿತ್ತು. ಕಂದುದು ಮುಖನೇ ತಿರುಗಿಸ್ತದೆ."

ದ್ಯಾವ ಎದ್ದ. ಅವನ ಕೆನ್ನೆ ತುಂಬಾ ಜಾಲರಿಯ ಚೌಕಗಳು ಅಚ್ಚೊತ್ತಿದ್ದವು. ಚನ್ನಾಜಮ್ಮ ಹಣೆ ಹಣೆ ಚಚ್ಚಿಕೊಂಡಳು. "ನಿನ್ನ ಮುಖ ನೋಡಿ ಅವು ಸಾಯದೆ ಇರೋದೇ ಹೆಚ್ಚು. ಹಿಂಗ್ ಮೇಲೆ ಬಿದ್ರೆ ಯಾವ ಜೀವ ತಾನೆ ಹೊಟ್ಟೆಗೆ ತಿಂದೀತು? ಹುಲ್ಲು ಹಾಕು, ನೀರಿಡು, ಆಮೇಲೆ ಅವನ್ನ ಅವುಗಳ ಪಾಡಿಗೆ ಬಿಟ್ಬುಡು."

"ಆಯ್ತವ್ವ."

ಅದರ ಮಾರನೆಯ ದಿನ ಪಂಜರದ ಬಾಗಿಲು ಹಾರುಹೊಡೆದಿತ್ತು. ಒಳಗೆ ಹುಲ್ಲಿತ್ತು, ನೀರಿತ್ತು, ಮರಿಗಳಿರಲಿಲ್ಲ. ದ್ಯಾವ ಜಗಲಿ ಮೇಲೆ ನೆಮ್ಮದಿಯಾಗಿ ಕೂತಿದ್ದ.

"ಹುಲ್ಲು ಹಾಕ್ದೆ, ನೀರಿಟ್ಟೆ, ಆಮೇಲೆ ಬಿಟ್ಬುಟ್ಟೆ ಕಣವ್ವ."

ಚನ್ನಾಜಮ್ಮ ಹಿತ್ತಲಿಗೆ ಓಡಿದಳು. ಕಾಂಪೌಂಡ್ ಗೋಡೆ ಮೇಲೆ ಪಕ್ಕದ ಮನೆ ಬೆಕ್ಕು ಕೂತಿತ್ತು. ಹಿತ್ತಲು ಹುಡುಕಿದರು, ಬಚ್ಚಲು ಹುಡುಕಿದರು, ಸೌದೆ ಒಟ್ಟಿಲು ಕೆದಕಿದರು. ಎಲ್ಲೂ ಇಲ್ಲ. ಕೆಲಸವೂ ಹೋಯಿತು, ಮರಿಗಳೂ ಹೋದವು ಅಂತ ಅವಳು ಸೊಪ್ಪಿನ ಬುಟ್ಟಿ ಪಕ್ಕ ಕುಸಿದು ಕೂತಳು. ಬುಟ್ಟಿಯೊಳಗಿಂದ ಕಟುಕಟು ಸದ್ದು ಬಂತು. ಒದ್ದೆ ಗೋಣಿ ಎತ್ತಿದರೆ ಇಬ್ಬರೂ ಅಲ್ಲೇ ಇದ್ದರು. ನಾಳೆಗೆ ಅಂತ ಎತ್ತಿಟ್ಟಿದ್ದ ಕೊತ್ತಂಬರಿ ಕಟ್ಟುಗಳಲ್ಲಿ ಅರ್ಧ ಮುಗಿಸಿದ್ದರು.

ಅವಳು ಎರಡನ್ನೂ ಮಡಿಲಿಗೆ ಹಾಕಿಕೊಂಡಳು. ಬೈಯಬೇಕು ಅಂತ ಬಾಯಿ ತೆರೆದವಳು ಅವುಗಳ ಬೆನ್ನು ಸವರಿದಳು. "ತಾಯಿ ಇಲ್ಲದ ಕೂಸುಗಳು ಕಣ್ಲಾ ಇವು. ಮನೆ ಮಕ್ಕಳ ಥರ ನೋಡ್ಕಬೇಕು."

"ಆಯ್ತವ್ವ" ಅಂದ ದ್ಯಾವ, ಈ ಸಲ ಅವನ ಕಣ್ಣಲ್ಲಿ ನೀರಿತ್ತು.

ಮನೆ ಮಕ್ಕಳಿಗೆ ಏನೇನು ಮಾಡುತ್ತಾರೋ ಅದೆಲ್ಲ ನಡೆಯಿತು. ದ್ಯಾವ ಹರಳೆಣ್ಣೆ ಬಿಸಿ ಮಾಡಿ ನೆತ್ತಿಗೆ ತಟ್ಟಿದ. ಸೀಗೆಪುಡಿ ಹಾಕಿ ನೀರು ಹೊಯ್ದ. ಸಾಂಬ್ರಾಣಿ ಹೊಗೆ ಹಿಡಿದ. ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ, ಸೊಂಟಕ್ಕೆ ಕರಿ ಉಡಿದಾರ ಕಟ್ಟಿದ. ಆಮೇಲೆ ಹಾಲನ್ನ ಕಲಸಿ, ಕಾಗೆ ತೋರಿಸಿ ತೋರಿಸಿ, ತುತ್ತು ತುತ್ತಾಗಿ ತಿನ್ನಿಸಿದ. ಕಂದುಮರಿ ಬಾಯಿ ಬಿಡಲಿಲ್ಲ. ಬಿಳಿಮರಿ ಪಾಪ, ತಿಂದಿತು.

ಬೆಳಗಾಗುವ ಹೊತ್ತಿಗೆ ಬಿಳಿಮರಿಗೆ ಭೇದಿ ಹತ್ತಿತ್ತು. ಕತ್ತು ಎತ್ತದೆ, ಹುಲ್ಲು ಮೂಸದೆ, ಕೂದಲು ಕೆದರಿಕೊಂಡು ಬಿದ್ದಿತ್ತು. ತಾಯಿ ಮಗ ಇಬ್ಬರೂ ಪಂಜರ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರಮ್ಮ ಮರಿಯನ್ನು ಅಂಗೈಯಲ್ಲಿ ಹಿಡಿದು ಉಡಿದಾರ ನೋಡಿದರು, ದೃಷ್ಟಿಬೊಟ್ಟು ನೋಡಿದರು. ನಗಲಿಲ್ಲ. ಔಷಧಿ ಹನಿ ಹಾಕಿ ಹೇಳಿದರು:

"ಹಾಲು ಬೇಡ, ಅನ್ನ ಬೇಡ, ಸ್ನಾನ ಬೇಡ. ಒಣಹುಲ್ಲು ಹಗಲೂ ರಾತ್ರಿ ಇರಬೇಕು, ಶುದ್ಧ ನೀರಿರಬೇಕು. ದಿನಾ ಸ್ವಲ್ಪ ಸೊಪ್ಪು, ಒಂದು ಚೂರು ದಪ್ಪ ಮೆಣಸಿನಕಾಯಿ ಕೊಡಿ."

ದ್ಯಾವ ಅವ್ವನ ಮುಖ ನೋಡಿದ. "ಮೆಣಸಿನಕಾಯಿ ಕೊಟ್ಟಿದ್ಕೆ ನೀನು ಬೈದಿದ್ದೆ" ಅಂದ ಮೆಲ್ಲಗೆ.

ಡಾಕ್ಟರಮ್ಮ ಚನ್ನಾಜಮ್ಮನನ್ನು ಪಕ್ಕಕ್ಕೆ ಕರೆದರು. "ನೀವು ಅವನಿಗೆ ಏನು ಹೇಳಿದ್ದಿರಿ?"

"ಮಕ್ಕಳ ಥರ ನೋಡ್ಕೋ ಅಂದಿದ್ದೆ ಅಮ್ಮಾರೆ."

"ನೋಡ್ಕೊಂಡಿದ್ದಾನೆ. ಇದೊಂದು ಸಲ ಬಿಟ್ಟಿದ್ದೀನಿ. ಇನ್ನೊಂದು ಸಲ ಹೀಗಾದರೆ ಮರಿ ಉಳಿಯಲ್ಲ, ನಾನೂ ಬೇರೆ ಆಳು ನೋಡಬೇಕಾಗುತ್ತೆ."

ಚನ್ನಾಜಮ್ಮ ಅವತ್ತು ಸೊಪ್ಪು ಮಾರಲು ಹೋಗಲಿಲ್ಲ. ಹೊಸ್ತಿಲ ಮೇಲೆ ಕೂತು ಯೋಚಿಸಿದಳು. ಇಪ್ಪತ್ನಾಲ್ಕು ವರ್ಷದಿಂದ ಇವನನ್ನು ಬೈದದ್ದೇ ಬೈದದ್ದು. ಆದರೆ ಇವನು ಯಾವತ್ತು ತನ್ನ ಮಾತು ಮೀರಿದ್ದಾನೆ? ಒಂದು ದಿನವೂ ಇಲ್ಲ. ನೋಡು ಅಂದರೆ ನೋಡಿದ, ಬಿಡು ಅಂದರೆ ಬಿಟ್ಟ. ಒಂದು ಹೇಳಿ ಇನ್ನೊಂದು ಮನಸ್ಸಲ್ಲಿಟ್ಟುಕೊಂಡವಳು ತಾನು. ಊರೆಲ್ಲ ಹಾಗೇ ಮಾತಾಡುತ್ತದೆ, ಊರೆಲ್ಲ ಹಾಗೇ ಅರ್ಥ ಮಾಡಿಕೊಳ್ಳುತ್ತದೆ. ಇವನೊಬ್ಬನಿಗೆ ಆ ಗುಟ್ಟು ಯಾರೂ ಹೇಳಿಕೊಡಲಿಲ್ಲ. ಪೆದ್ದ ಅಂತ ಕರೆದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಅವತ್ತಿನಿಂದ ಅವಳು ಮಾತನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಆಡಿದಳು.

"ದ್ಯಾವ, ತಟ್ಟೇಲಿರೋ ಹಳೇ ನೀರು ಚೆಲ್ಲು."

"ಎಲ್ಲಿ ಚೆಲ್ಲಲವ್ವ?"

"ಕರಿಬೇವಿನ ಗಿಡದ ಬುಡಕ್ಕೆ. ಚೆಲ್ಲಿ ತಟ್ಟೆ ತೊಳಿ. ತೊಳೆದು ಹೊಸ ನೀರು ತುಂಬು. ತುಂಬಿ ಪಂಜರದೊಳಗೆ ಇಡು."

"ಆಯ್ತವ್ವ."

"ಹುಲ್ಲು ಖಾಲಿ ಆಗೋಕೆ ಮುಂಚೆ ಮತ್ತೆ ಹಾಕು. ಹುಲ್ಲು, ನಾನು ಕೊಡೋ ಸೊಪ್ಪು, ದಪ್ಪ ಮೆಣಸಿನಕಾಯಿ ಬಿಟ್ಟು ಬೇರೆ ಏನೂ ತಿನ್ನಿಸಬೇಡ. ಪಂಜರದ ಬಾಗಿಲು ಕೊಂಡಿ ಹಾಕು."

"ಆಯ್ತವ್ವ."

ಮೊದಮೊದಲು ಅವಳಿಗೆ ನಾಲಿಗೆ ನೋಯುತ್ತಿತ್ತು. ಒಂದು ಮಾತಿಗೆ ನಾಲ್ಕು ಮಾತು ಬೇಕಾಗುತ್ತಿತ್ತು. ಆದರೆ ಹೇಳಿದ ಮೇಲೆ ಇನ್ನೊಮ್ಮೆ ಹೇಳುವ ಹಾಗಿರಲಿಲ್ಲ. ಬೇರೆಯವರ ಮಕ್ಕಳು ಎರಡು ದಿನ ಮಾಡಿ ಮೂರನೆಯ ದಿನ ಮರೆಯುತ್ತಾರೆ. ದ್ಯಾವ ಮರೆಯಲಿಲ್ಲ. ವಾರದೊಳಗೆ ಬಿಳಿಮರಿ ಚೇತರಿಸಿಕೊಂಡಿತು. ತಿಂಗಳು ತುಂಬುವ ಹೊತ್ತಿಗೆ ಎರಡೂ ದುಂಡುದುಂಡಗಾದವು. ದ್ಯಾವನ ಹೆಜ್ಜೆ ಸದ್ದು ಕೇಳಿದರೆ ಸಾಕು, "ವೀಕ್ ವೀಕ್" ಅಂತ ಜಾಲರಿ ಹಿಡಿದು ನಿಲ್ಲುತ್ತಿದ್ದವು. ಡಾಕ್ಟರಮ್ಮ ಬಂದು ನೋಡಿ, ಹಲ್ಲು ನೋಡಿ, ಉಗುರು ನೋಡಿ, "ಸೋಮವಾರದಿಂದ ಕೆಲಸಕ್ಕೆ ಬಾ ದ್ಯಾವ. ಇವನ್ನೂ ಕೊಟ್ಟಿಗೆಗೇ ತಗೊಂಡು ಬಾ" ಅಂದರು.

ಸೋಮವಾರ ಚನ್ನಾಜಮ್ಮ ತಾನೇ ಮಗನ ಜೊತೆ ಹೋದಳು. ಹೇಳಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಲ್ಲೇ ಜೋಡಿಸಿಕೊಂಡಿದ್ದಳು. ಆಸ್ಪತ್ರೆ ಗೇಟಿನಲ್ಲಿ ನಿಂತು ಒಂದೊಂದಾಗಿ ಹೇಳಿದಳು. "ಡಾಕ್ಟ್ರಮ್ಮ ಹೇಳಿದ ಹೊತ್ತಿಗೆ ಎಲ್ಲಾ ಪ್ರಾಣಿಗೂ ಮೇವು ಹಾಕು. ನೀರು ಕೊಡು. ಸಂಜೆ ಅವರು ಮನೆಗೆ ಹೊರಡು ಅಂದಾಗ ಹೊರಡು." ಒಂದೂ ಕಲ್ಲಿಲ್ಲದ ಮಾತು. ಅವಳಿಗೇ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ ಸೆರಗು ಸರಿಮಾಡಿಕೊಂಡು, "ಸರಿ ಕಣಪ್ಪ, ನಾನು ಹೋಗ್ಬತ್ತೀನಿ" ಅಂದು ಬಸ್ ಸ್ಟ್ಯಾಂಡ್ ಕಡೆ ನಡೆದಳು.

ಮೂರು ಗಂಟೆ ಹೊತ್ತಿಗೆ ಸೊಪ್ಪು ಕೊಳ್ಳಲು ಬಂದವಳೊಬ್ಬಳು, "ನಿನ್ ಮಗ ದನದ ಆಸ್ಪತ್ರೇನೆಲ್ಲ ರಸ್ತೆಗೆ ತಂದವ್ನೆ, ಹೋಗಿ ನೋಡಕ್ಕ" ಅಂದಳು. ಚನ್ನಾಜಮ್ಮ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು.

ಗೇಟಿಗೆ ಒಂದು ಕುಂಟು ಮೇಕೆ ಕಟ್ಟಿತ್ತು. ಅದರ ಪಕ್ಕ ಕಾಲಿಗೆ ಪಟ್ಟಿ ಸುತ್ತಿದ ಕರು, ಅದರ ಪಕ್ಕ ಬುಟ್ಟಿಯಲ್ಲಿ ಕೋಳಿ, ಸ್ಟೂಲಿನ ಮೇಲೆ ಎರಡು ಗಿನಿ ಹಂದಿ. ಎಮ್ಮೆ ಹೊಡೆದುಕೊಂಡು ಬಂದವರು ಒಳಗೆ ಹೋಗಲಾಗದೆ ರಸ್ತೆಯಲ್ಲೇ ಸಾಲುಗಟ್ಟಿದ್ದರು. ಡಾಕ್ಟರಮ್ಮ ಬೇರೆ ದಾರಿ ಕಾಣದೆ ಕುರ್ಚಿಯನ್ನು ಗೇಟಿಗೇ ಹಾಕಿಸಿಕೊಂಡು ಸೂಜಿ ಹಾಕುತ್ತಿದ್ದರು. ನಡುವೆ ದ್ಯಾವ ರಸ್ತೆ ನೋಡುತ್ತಾ ನಿಂತಿದ್ದ.

"ಏನ್ ದ್ಯಾವ ಇದು?" ಚನ್ನಾಜಮ್ಮನಿಗೆ ಏದುಸಿರು.

"ಹೋಗ್ಬತ್ತೀನಿ ಅಂದ್ಯಲ್ಲವ್ವ. ನೀನು ಹೋದೆ. ಇನ್ನು ಬರಬೇಕಲ್ಲ. ನಾನು ಒಳಗಿದ್ರೆ ನೀನು ಬಂದಿದ್ದು ಕಾಣಾಕಿಲ್ಲ ಅಂತ ಇಲ್ಲೇ ನಿಂತೆ. ಇವಕ್ಕೆ ಮೇವು ಹಾಕ್ಬೇಕಲ್ಲ, ಅದ್ಕೆ ಇವನ್ನೂ ಇಲ್ಲಿಗೇ ತಂದೆ."

ಡಾಕ್ಟರಮ್ಮ ಸೂಜಿ ಕೆಳಗಿಟ್ಟು, "ಎಲ್ಲಕ್ಕೂ ಹೊತ್ತಿಗೆ ಸರಿಯಾಗಿ ಮೇವು ಹಾಕಿದ್ದಾನೆ ಚನ್ನಾಜಮ್ಮ. ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ. ಗೇಟಿನಲ್ಲಿ ಹಾಕಿದ್ದಾನೆ, ಅಷ್ಟೇ" ಅಂದರು.

ಮನೆ ಬಿಡುವವರು ನಮ್ಮಲ್ಲಿ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. ಹಾಗಂದರೆ ಮತ್ತೆ ಬರುವುದಿಲ್ಲ ಅಂದ ಹಾಗೆ. ಕಳಿಸುವವರೂ 'ಹೋಗು' ಅನ್ನುವುದಿಲ್ಲ, 'ಹೋಗಿ ಬಾ' ಅನ್ನುತ್ತಾರೆ. ಚನ್ನಾಜಮ್ಮ ಹುಟ್ಟಿದಾಗಿನಿಂದ ಆಡಿದ ಮಾತು ಅದು, ಆರಿಸುವಾಗ ಕೈಗೆ ಸಿಗಲೇ ಇಲ್ಲ. ಒಂದು ದಿನ ತಾನು ಹೋಗುವವಳೇ, ಬರುವವಳಲ್ಲ. ಆಗಲೂ ಇವನು ಹೀಗೇ ಗೇಟಿನಲ್ಲಿ ನಿಂತಿರುತ್ತಾನಲ್ಲ.

"ನಾನು ಬರ್ದೇ ಇದ್ದಿದ್ರೆ ಏನ್ ಮಾಡ್ತಿದ್ದೆ ಮಗ?" ಅಂತ ಕೇಳಿದಳು.

ದ್ಯಾವ ಪಂಜರದ ಕಡೆ ನೋಡಿದ. "ಇವಕ್ಕೆ ಸಂಜೆ ಹುಲ್ಲು ಹಾಕ್ತಿದ್ದೆ" ಅಂದ. "ನಾಳೆ ಬೆಳಿಗ್ಗೆನೂ ಹಾಕ್ತಿದ್ದೆ."

ಚನ್ನಾಜಮ್ಮನ ಎದೆ ಮೇಲೆ ವರ್ಷಗಟ್ಟಲೆ ಕೂತಿದ್ದದ್ದು ಸ್ವಲ್ಪ ಸರಿದಂತಾಯಿತು. ದ್ಯಾವ ಪಂಜರ ಎತ್ತಿಕೊಂಡ, ಮೇಕೆ ಹಗ್ಗ ಬಿಚ್ಚಿದ.

"ಬಂದ್ಯಲ್ಲವ್ವ" ಅಂದ. "ಇನ್ನು ನೀನು ಹೋಗು."

ಎಮ್ಮೆ ಹಿಡಿದು ನಿಂತಿದ್ದವರು ನಾಲಿಗೆ ಕಚ್ಚಿಕೊಂಡರು. ಹೆತ್ತ ತಾಯಿಗೆ ಆಡುವ ಮಾತೇ ಅದು? ಒಬ್ಬ ಮುದುಕ, "ಬಿಡ್ತು ಅನ್ನೋ, ಹೋಗ್ಬಾ ಅನ್ನೋ" ಅಂತ ಗದರಿದ. ದ್ಯಾವನಿಗೆ ಏನೂ ತಿಳಿಯಲಿಲ್ಲ, ಅವ್ವನ ಮುಖ ನೋಡಿದ.

ಚನ್ನಾಜಮ್ಮ ಮುದುಕನಿಗೆ ಸುಮ್ಮನಿರಿ ಅನ್ನುವ ಹಾಗೆ ಕೈ ಮಾಡಿದಳು. ಆಮೇಲೆ ಮಗನ ಕೆನ್ನೆ ಸವರಿ, "ಹೋಗ್ತೀನಿ ಕಣಪ್ಪ" ಅಂದಳು. ಹಾಗಂದು ಹೋದಳು.