ತಳ್ಳಬಾರದ ಜೀಪು

ನಂಬದಿದ್ದರೆ ಬಿಡಿ, ನಮ್ಮೂರ ಬಜಾರಿನ ಕತ್ತೆಗಳೂ ಇದಕ್ಕೆ ಸಾಕ್ಷಿ. ಸೊಸೈಟಿಗೆ ಅಧ್ಯಕ್ಷರಾಗಿ ಆರಿಸಿಬಂದ ಸಾಹುಕಾರ ಸಂಗನಬಸಪ್ಪನವರು ತಮ್ಮ ಡ್ರೈವರ್ ಮೌಲಾಲಿಯನ್ನು ಕರೆದರು.

“ನಾಳೆ ನನ್ನ ಸತ್ಕಾರ ಐತಿ. ಬಜಾರದಾಗ ಯಾರಾದ್ರೂ ನನ್ನ ಜೀಪು ತಳ್ಳೋದು ಕಂಡ್ರ, ನಿನ್ನ ನೌಕರಿ ಹೋತು!”

ಆ ಮುದಿ ಜೀಪು ಗುಡ್ಡ ಹತ್ತುತ್ತಿತ್ತು, ಹಳ್ಳ ದಾಟುತ್ತಿತ್ತು. ತಳ್ಳದೆ ಮಾತ್ರ ಶುರುವಾಗುತ್ತಿರಲಿಲ್ಲ. ಮೌಲಾಲಿ ಪ್ಲಗ್ ಉಜ್ಜಿದ, ವೈರು ಬಿಗಿದ, ಬ್ಯಾಟರಿಗೆ ನೀರು ಹಾಕಿದ. ಕೀಲಿ ತಿರುವಿದರೆ ಜೀಪು ಬರೀ ಕೆಮ್ಮಿತು.

ಮರುದಿನ ಸಾಹುಕಾರರು ಹೊರಬಂದು ನೋಡಿದರೆ, ಜೀಪಿನ ಮುಂದೆ ಹೂ ಸುತ್ತಿದ ಹಗ್ಗ, ಅದನ್ನು ಹಿಡಿದು ನಿಂತ ಓಣಿಯ ಹುಡುಗರು, ಜೊತೆಗೆ ಹಲಗೆ ಬಾರಿಸುವವರು ಬೇರೆ.

“ಏನಲೇ ಇದು?”

“ಏನ್ ಮಾಡ್ಲಿ ಸಾವ್ಕಾರ್ರ? ಅಧ್ಯಕ್ಷರನ್ನ ಎಂಜಿನ್ ಯಾಕ ಎಳೀಬೇಕು, ನಾವ ಎಳೀತೀವಿ ಅಂತ ಮಂದಿ ಹಟ ಹಿಡದಾರ.”

ಮಂದಿಗೆ ಮಿರ್ಚಿ ಭಜಿ ತಿನ್ನಿಸಿದವರು ಯಾರೆಂದು ನನ್ನನ್ನು ಕೇಳಬೇಡಿ.

ಸಾಹುಕಾರರ ಮೀಸೆ ಅರಳಿತು. ಜೀಪಿನಲ್ಲಿ ನಿಂತು ಎರಡೂ ಕಡೆ ಕೈ ಮುಗಿಯುತ್ತ ಹೊರಟರು. ನಡುಬಜಾರಿನಲ್ಲಿ ಮೌಲಾಲಿಯ ಕಾಲು ಕ್ಲಚ್ಚಿನಿಂದ ಜಾರಿತು. ಜೀಪು ಭರ್ರೆಂದು ಶುರುವಾಗಿಯೇಬಿಟ್ಟಿತು!

ಸಾಹುಕಾರರು ಅವನ ತಲೆಗೆ ಮೊಟಕಿದರು.

“ಬಂದ್ ಮಾಡಲೇ ಅದನ್ನ! ಮಂದಿ ಮುಂದ ನನ್ನ ಮರ್ಯಾದಿ ತಗೀತಿಯೇನು?”