ತುಪ್ಪ ಹೆಚ್ಚಾಗಿದೆ

ಇದರಲ್ಲಿ ಅಕ್ಷರ ಅಕ್ಷರವೂ ನಿಜ, ನನ್ನ ಬೋಳುತಲೆಯಾಣೆ. ಹದಿನೈದು ವರ್ಷದ ಮನೆಸಾಲವನ್ನು ಏಳೇ ವರ್ಷದಲ್ಲಿ ತೀರಿಸಲು ಹೊರಟ ವೀರ ನಾನು. ಒಂದೇ ಕಾಫಿಪುಡಿಗೆ ನಾಲ್ಕು ಸಲ ಬಿಸಿನೀರು ಹಾಕಿ ಇಳಿಸುತ್ತಿದ್ದೆ. ಐದನೇ ಸಲ ಪುಡಿಯೇ ಕೈಮುಗಿಯಿತು. ಸೋಮವಾರ ಕೊನೆಯ ಕಂತು. ಆ ದುಡ್ಡು ಬಿಟ್ಟರೆ ಮನೆಯಲ್ಲಿ ಬಿಡಿಗಾಸಿಲ್ಲ. ಭಾನುವಾರವೇ ಹೆಂಡತಿಯ ಅಣ್ಣ, ರಿಟೈರ್ಡ್ ತಹಶೀಲ್ದಾರರು, ಬಂದು ಕುರ್ಚಿ ತುಂಬ ಕೂತರು.

“ಅಂಬೂ, ಸಜ್ಜಪ್ಪ ಮಾಡು. ತುಪ್ಪದಲ್ಲೇ ಕರೀಬೇಕು!”

ನಾನು ಧೈರ್ಯವಾಗಿ ಬಾಗಿಲ ಹಿಂದೆ ನಿಂತೆ. ಅಂಬುಜ ಅಡುಗೆಮನೆಯಿಂದ ಕೂಗಿದಳು: “ತುಪ್ಪ ಹೆಚ್ಚಾಗಿದೆ ಅಣ್ಣಾ. ಸಕ್ಕರೆ, ರವೆನೂ ಹೆಚ್ಚಾಗಿದೆ.”

“ಹೆಚ್ಚಾಗಿದ್ಯಾ? ಹಾಗಾದ್ರೆ ನಮ್ಮನೆಗೂ ಒಂದೊಂದು ಡಬ್ಬ ಕೊಡು!”

ಅವಳು ಮೂರು ಡಬ್ಬ ತಂದು ಮುಂದಿಟ್ಟಳು. ಅವರು ಮುಚ್ಚಳ ತೆಗೆದರು.

“ಏನೇ ಇದು, ಎಲ್ಲಾ ಖಾಲಿ!”

“ಅಯ್ಯೋ, ಬಿಡ್ತು ಅನ್ನು! ಮುಗಿದಿದ್ದನ್ನ ಖಾಲಿ ಅನ್ನಬಾರದು, ಹೆಚ್ಚಾಗಿದೆ ಅನ್ನಬೇಕು ಅಂತ ಅಮ್ಮ ಹೇಳಿಕೊಡಲಿಲ್ವಾ? ತವರಿನವನೇ ತಂಗಿ ಮನೆ ಡಬ್ಬಕ್ಕೆ ಖಾಲಿ ಅಂದ್ಯಲ್ಲಾ! ಈಗ ನೀನೇ ತುಂಬಿಸಿ ದೋಷ ಕಳಿ.”

ತಹಶೀಲ್ದಾರರು ಡಬ್ಬಗಳನ್ನು ಅವುಚಿಕೊಂಡು ನಗುನಗುತ್ತಾ ಅಂಗಡಿಗೆ ಹೊರಟರು. ಮರುದಿನ ನಾನು ಸಜ್ಜಪ್ಪ ತಿಂದ ಕೈಯಲ್ಲೇ ಕಂತು ಕಟ್ಟಿದೆ. ಮನೆಪತ್ರಕ್ಕೆ ತುಪ್ಪದ ಜಿಡ್ಡು ಅಂಟಿದೆ, ಬೇಕಾದರೆ ಬಂದು ನೋಡಿ.

“ನಗುನಗುತ್ತಾ” ಅನ್ನೋದೊಂದು ಮಾತ್ರ ನಾನು ಸೇರಿಸಿದ್ದು.